ಅವ್ವನ ಟ್ರಂಕಿನ ಅರಿವೆಗಳು

ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಹೆಸರಿಡುವ ತನಕ ಅದು ಅಪ್ಪನ ಮನೆಯ ಹಿರಿಯರು ಉಟ್ಟು ಸವೆದ ಅರಿವೆಯಲ್ಲೇ ಇರಬೇಕು. ಮೊದಲ ಸಲ ಸುತ್ತುವ ಮುಂಚೆ ಆ ಅರಿವೆಯನ್ನು ಒಗೆಯುವಂತಿಲ್ಲ. ಹಿರಿಯರ ಆಯುಷ್ಯ ಅದರಲ್ಲಿರುತ್ತದೆ, ಒಗೆದರೆ ನೀರಿನ ಜೊತೆ ಹೋಗುತ್ತದೆ ಎನ್ನುತ್ತಿದ್ದಳು ಅವ್ವ. ನನ್ನನ್ನೂ ಹಾಗೇ ಸುತ್ತಿದ್ದರಂತೆ. ನಾನು ಗಟ್ಟಿಯಾಗಿಯೇ ಬೆಳೆದೆ.

ಮದುವೆಯಾಗಿ ವರ್ಷಗಳು ಕಳೆದರೂ ನಮಗೆ ಮಕ್ಕಳಾಗಲಿಲ್ಲ. ಅವ್ವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ತನ್ನ ನೂಲಿನ ಸೀರೆಯೊಂದು ಉಟ್ಟು ಉಟ್ಟು ಹೂವಿನಷ್ಟು ಮೆತ್ತಗಾದಾಗ ಮಾತ್ರ ಅದನ್ನು ಮಡಚಿ ಟ್ರಂಕಿಗೆ ಇಡುತ್ತಿದ್ದಳು. ಯಾರಿಗೆ ಎಂದು ನಾವು ಕೇಳುತ್ತಿರಲಿಲ್ಲ. ಜಿರಲೆ, ನುಸಿ ಮುಟ್ಟದಿರಲಿ ಎಂದು ಮಡಿಕೆ ಮಡಿಕೆಯ ನಡುವೆ ಬಿಳಿಯ ನುಸಿಗುಳಿಗೆ ಹಾಕುತ್ತಿದ್ದಳು. ಅವು ಕರಗಿದಂತೆಲ್ಲ ಹೊಸವು ಬೀಳುತ್ತಿದ್ದವು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಗೆ ಅಂಟಿಕೊಂಡೇ ನನ್ನ ವೆಲ್ಡಿಂಗ್ ಶೆಡ್ಡು ಇದೆ. ಸರಸ್ವತಿ ನಗರದಲ್ಲಿ ಅಡ್ಡಾಡಿದರೆ ನಾನು ಮಾಡಿದ ಗೇಟುಗಳು ಎಷ್ಟೋ ಕಾಣುತ್ತವೆ, ಒಂದೂ ಜೋತುಬಿದ್ದಿಲ್ಲ. ಯಾರ ಮುಂದೂ ಕೈಯೊಡ್ಡದೆ ಬದುಕಿದವನು ನಾನು. ಕೊನೆಗೂ ಮಗ ಹುಟ್ಟಿದಾಗ ಅವನಿಗೆ ಬೇಕಾದದ್ದೆಲ್ಲ ನಮ್ಮ ಮನೆಯಿಂದಲೇ ಹೋಗಬೇಕು ಎಂಬುದು ನನ್ನ ಹಟವಾಗಿತ್ತು.

ಬಾಣಂತನಕ್ಕೆ ಹೆಂಡತಿ ತವರಿಗೆ, ಹರಿಹರಕ್ಕೆ ಹೋಗಿದ್ದಳು. ಅಲ್ಲಿ ಅವಳ ತಮ್ಮ ತನ್ನ ಅಂಗಡಿಯಿಂದ ಡೈಪರಿನ ದೊಡ್ಡ ಪ್ಯಾಕೆಟ್ ತಂದಿಟ್ಟ.

"ತಗೋರಿ ಭಾವ. ತೊಡಿಸಿ ಬಿಟ್ರಾತು, ಬೆಳಗಾಗತನಕ ಚಿಂತಿಲ್ಲ. ಈಗ ಎಲ್ಲಾರ ಮನ್ಯಾಗೂ ಇದೇ."

"ನಿಮ್ಮ ಅಂಗಡಿ ಮಾಲು ನೀವೇ ಕಟ್ಕೊಳ್ರಿ," ಎಂದೆ. "ನನ್ನ ಮಗ ಅವರಜ್ಜಿ ಸೀರೆ ಮ್ಯಾಲೇ ಉಚ್ಚಿ ಹೊಯ್ಯೋದು. ಪ್ಲಾಸ್ಟಿಕ್ ಬ್ಯಾಡ."

"ಆತು ಬಿಡ್ರಿ, ನಿಟ್ಟುವಳ್ಳಿ ದೊರೆ ಮಗ! ನಾವೇನು ಹೇಳೋದೈತೆ," ಎಂದು ನಕ್ಕ.

ಈಗಲೂ ನಾನಾಡಿದ ಆ ಮಾತಿಗೆ ನಾಚುವುದಿಲ್ಲ. ಅರಿವೆಯಲ್ಲಿ ತಪ್ಪಿರಲಿಲ್ಲ. ಅದರೊಳಗೆ ಕೂತಿದ್ದದ್ದು ಬೇರೆ.

ಅದೇ ದಿನ ಅವ್ವ ಬಸ್ಸಿನಲ್ಲಿ ಗಂಟು ಹೊತ್ತು ಬಂದಳು. ಸೀರೆಗಳನ್ನು ಹರಿದು ಮೂರು ಮೂಲೆಯ ಲಂಗೋಟಿ ಮಾಡಿದ್ದಳು, ತಲೆಗೆ ಕಟ್ಟಲು, ಮೈಗೆ ಸುತ್ತಲು ಬೇರೆ ತುಂಡುಗಳು. ನನ್ನ ಹಳೆಯ ಬಿಳಿ ಪಂಚೆಯೊಂದೂ ಅದರಲ್ಲಿ ಸೇರಿತ್ತು. ಗಂಟು ಬಿಚ್ಚುತ್ತಲೇ ನಮ್ಮತ್ತೆ ಮೂಗು ಮುಚ್ಚಿಕೊಂಡರು.

"ಏನ್ರಿ ಬೀಗ್ತಿ, ಘಾಟು ನೆತ್ತಿಗೆ ಹತ್ತತೈತಲ್ರಿ?"

"ಹುಳ ಹೊಡೀಬಾರ್ದಲ್ರಿ, ಅದಕ್ಕ ಗುಳಿಗೆ ಹಾಕಿದ್ದೆ. ಛಲೋನೇ ಆತು, ನಿಮ್ಮ ಹರಿಹರದ ಸೊಳ್ಳೆ ನನ್ನ ಮೊಮ್ಮಗನ ತಂಟೀಗೆ ಬರಲ್ಲ."

ಬಾಣಂತಿ ಕೂಡ ನಕ್ಕಳು. ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಗೆಯದ ಅರಿವೆಯಲ್ಲಿ ಅದನ್ನು ಒಪ್ಪವಾಗಿ ಸುತ್ತಿದಳು. ಮುಖವೊಂದು ಮಾತ್ರ ಕಾಣುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು.

ನಾನೂ ಅವ್ವನೂ ದಾವಣಗೆರೆಗೆ ಮರಳಿದೆವು. ನಾಲ್ಕಾರು ದಿನ ಬಿಟ್ಟು ಹೋದಾಗ ಕೂಸು ಹಳದಿಯಾಗಿತ್ತು. ಹುಟ್ಟಿದ ಮಕ್ಕಳಿಗೆಲ್ಲ ಇದು ಬರುತ್ತದೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದರು ನಮ್ಮತ್ತೆ. ಮೋಡ ಕವಿದಿತ್ತು. ಇದ್ದಷ್ಟು ಬೆಳಕಿಗೇ ಹಿಡಿಯುತ್ತಿದ್ದರು. ಹಿತ್ತಲಲ್ಲಿ ಅವರು ಕೂಸಿನ ಅರಿವೆ ಒಗೆಯುತ್ತಿದ್ದರು. ಬಕೀಟಿನ ನೀರು ಚಹಾದ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

"ನಿಮ್ಮವ್ವನ ಸೀರೆ ಬಣ್ಣ ಬಿಡ್ತೈತಪ್ಪ," ಎಂದರು. "ಎಷ್ಟು ತಿಕ್ಕಿದ್ರೂ ಕಲೆ ಹೋಗವಲ್ದು."

ನನಗೆ ಸಿಟ್ಟು ಬಂತು. "ವರ್ಷಗಟ್ಟಲೆ ಉಟ್ಟು ಒಗೆದ ಸೀರೆ, ಈಗೆಂಥ ಬಣ್ಣ ಬಿಡ್ತೈತ್ರಿ?"

ಅಂದೆನೇ ಹೊರತು, ಅಂದ ಮೇಲೆ ನನ್ನ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಬಕೀಟಿಗೆ ಕೈ ಹಾಕಿ ಒಂದು ತುಂಡು ಎಳೆದೆ. ನನ್ನ ಬಿಳಿ ಪಂಚೆಯದು. ಬಿಡಲು ಅದಕ್ಕೆ ಬಣ್ಣವೇ ಇರಲಿಲ್ಲ. ಅದರ ನಡುವೆಯೂ ಅದೇ ಕಂದು ಕಲೆ. ಅದು ಕೂಸಿನ ಉಚ್ಚೆಯ ಬಣ್ಣವಾಗಿತ್ತು.

ಒಳಗೆ ಓಡಿಹೋಗಿ ಸುತ್ತಿದ್ದನ್ನು ಬಿಚ್ಚಿದೆ. ಅಂಗಾಲಿನವರೆಗೂ ಹಳದಿ. ಬೆಳಗಿನಿಂದ ಮೊಲೆ ಹಿಡಿದಿಲ್ಲ ಎಂದಳು ಹೆಂಡತಿ. ಎತ್ತಿಕೊಂಡರೆ ಬೆನ್ನು ಹಿಂದಕ್ಕೆ ಸೆಟೆಯುತ್ತಿತ್ತು, ಅಳು ತಂತಿ ಎಳೆದ ಹಾಗಿತ್ತು. ತಲೆಗೆ ಕಟ್ಟಿದ ಬಟ್ಟೆಯಲ್ಲೇ ಬಾಣಂತಿಯನ್ನು ಆಟೋ ಹತ್ತಿಸಿ ದಾವಣಗೆರೆಯ ಆಸ್ಪತ್ರೆಗೆ ಬಂದೆವು.

ಡಾಕ್ಟರಮ್ಮ ಕೂಸಿನ ಮೇಲೆ ಬಗ್ಗಿದವರು ಮುಟ್ಟುವ ಮುಂಚೆಯೇ ಉಸಿರೆಳೆದು ಕೇಳಿದರು.

"ಈ ಬಟ್ಟೆ ಎಲ್ಲಿಟ್ಟಿದ್ರಿ?"

"ಟ್ರಂಕಿನಾಗೆ, ಮೇಡಂ."

"ಗುಳಿಗೆ ಹಾಕಿ?"

ಹೂಂ ಎಂದೆ. ಮೈಮೇಲಿದ್ದ ಪ್ರತಿ ಅರಿವೆಯನ್ನೂ ಕಿತ್ತು ಹೊರಗೆ ಹಾಕಿಸಿದರು. ಕೆಲವು ಮಕ್ಕಳ ರಕ್ತ ಹುಟ್ಟಿನಿಂದಲೇ ಸೂಕ್ಷ್ಮ, ಆ ಗುಳಿಗೆಯ ಘಾಟು ಮೈಗಿಳಿದರೆ ರಕ್ತ ಒಡೆಯುತ್ತದೆ, ಒಡೆದದ್ದೇ ಹಳದಿಯಾಗಿ ಮೆದುಳಿಗೆ ಏರುತ್ತದೆ, ಏರಿದರೆ ಕಿವಿಯೂ ಹೋಗಬಹುದು ಎಂದು ವಿವರಿಸಿದರು. ಅವನ ರಕ್ತವನ್ನು ತೆಗೆದು ಬೇರೆ ರಕ್ತ ಹಾಕಿದರು. ನೀಲಿ ದೀಪದ ಕೆಳಗೆ ಕಣ್ಣು ಕಟ್ಟಿ ಬರಿಮೈಯಲ್ಲಿ ಮಲಗಿಸಿದರು.

"ಜೀವ ಉಳಿಯುತ್ತೆ," ಎಂದರು ಆಮೇಲೆ. "ಆದರೆ ಬರೋದು ತಡ ಆಯ್ತು. ಕಿವಿ ಹೇಗಿರುತ್ತೋ ಈಗ ಹೇಳೋಕಾಗಲ್ಲ. ಎರಡು ಮೂರು ತಿಂಗಳು ನೋಡೋಣ."

ಅವ್ವ ಇನ್ನೊಂದು ಗಂಟು ಅರಿವೆ ಹೊತ್ತು ಆಸ್ಪತ್ರೆಗೆ ಬಂದಳು. ಒಳಗೆ ಹೊರಗಿನ ಬಟ್ಟೆ ಬಿಡುವುದಿಲ್ಲ ಎಂದಷ್ಟೇ ಹೇಳಿದೆ. "ಹಂಗಂದ್ರ ಕೂಸು ಬರಿಮೈಯಾಗ ಐತೇನೋ? ಥಂಡಿ ಹತ್ತಲ್ವಾ?" ಎಂದಳು. ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಸಂಜೆಯ ತನಕ ಕೂತಿದ್ದಳು. ನಾನು ಮನೆಗೆ ಹೋಗಿ ಟ್ರಂಕನ್ನು ಬೋರಲು ಹಾಕಿ ಗುಳಿಗೆಗಳನ್ನೆಲ್ಲ ಗುಡಿಸಿ ಚೆಲ್ಲಿದೆ. ಅವ್ವ ಬಂದು ನೋಡಿದಳು. ಖಾಲಿ ಟ್ರಂಕನ್ನು ಎತ್ತಿ ನಿಲ್ಲಿಸಿದಳು.

ಕೂಸು ನಮ್ಮ ಮನೆಗೆ ಬಂತು. ಮೈತುಂಬಿಕೊಂಡಿತು, ಮುಖ ನೋಡಿ ನಗತೊಡಗಿತು. ಪಕ್ಕದ ಶೆಡ್ಡಿನಲ್ಲಿ ನಾನು ಕಟಿಂಗ್ ಮಷೀನ್ ಹಚ್ಚಿದರೆ ಬೀದಿಯ ನಾಯಿಗಳು ಎದ್ದು ಓಡುತ್ತವೆ. ಇವನು ತೊಟ್ಟಿಲಲ್ಲಿ ಕದಲದೆ ನಿದ್ದೆ ಮಾಡುತ್ತಿದ್ದ.

"ನೋಡ್ರೇ, ಕಬ್ಬಿಣದವನ ಮಗ!" ಎಂದು ಅವ್ವ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದಳು. "ಎಂಥಾ ಗದ್ದಲಕ್ಕೂ ಬೆಚ್ಚಲ್ಲ ನೋಡ್ರಿ ನಮ್ಮ ಹುಲಿ."

ಆಗೆಲ್ಲ ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಶೆಡ್ಡಿನಿಂದ ಕಬ್ಬಿಣದ ಪಟ್ಟಿಯೊಂದನ್ನು ತಾನೇ ತಂದು, ತೊಟ್ಟಿಲ ಹಿಂದೆ ನಿಂತು, ಕಲ್ಲಿನ ನೆಲಕ್ಕೆ ಬಿಟ್ಟಳು. ನನ್ನ ಹಲ್ಲು ಜುಮ್ಮೆಂದಿತು. ಕೂಸು ತನ್ನ ಕೈಬೆರಳು ನೋಡಿಕೊಂಡು ಆಡುತ್ತಲೇ ಇತ್ತು. ಅವಳು ಪಟ್ಟಿ ಎತ್ತಿ ಇನ್ನೊಮ್ಮೆ ಬಿಟ್ಟಳು. ಬಾಗಿಲಲ್ಲಿ ಅವ್ವ ನಿಂತಿದ್ದು ನಮಗೆ ಆಮೇಲೆ ಕಂಡಿತು.

ಮರುದಿನ ಪರೀಕ್ಷೆಗೆ ಒಯ್ದೆವು. ತಲೆಗೆ ವೈರು ಅಂಟಿಸಿ, ನಿದ್ದೆ ಬರಿಸಿ ನೋಡಿದರು. ಎರಡೂ ಕಿವಿ ಕೇಳಿಸುವುದಿಲ್ಲ ಎಂದರು. ಮಷೀನು ಹಾಕಬಹುದು, ಕಲಿಸಬಹುದು, ದಾರಿ ಉದ್ದ ಐತೆ ಎಂದರು. ಹೆಂಡತಿ ಅಲ್ಲಿ ಅಳಲಿಲ್ಲ. ಬೈಕಿನ ಮೇಲೆ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಮನೆಯ ತನಕ ಅತ್ತಳು.

ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಹೆಂಡತಿ ಕೂಸನ್ನೆತ್ತಿಕೊಂಡು ಮಾತಾಡದೆ ಒಳಗೆ ಹೋದಳು.

"ಏನಂದ್ರೋ?"

"ಕೇಳಲ್ಲಂತವ್ವ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. ಆಮೇಲೆ, "ನನ್ನ ಅರಿವೆಯಿಂದಾನಾ?" ಎಂದಳು.

ಬೆಸುಗೆ ಕೆಟ್ಟಿದ್ದರೆ ಕೆಟ್ಟಿದೆ ಎಂದು ಗಿರಾಕಿಯ ಮುಖಕ್ಕೇ ಹೇಳುವವನು ನಾನು. ಅಲ್ಲ ಎಂದು ಒಂದು ಮಾತು ಅಂದುಬಿಡಬಹುದಿತ್ತು. ಸ್ಟ್ಯಾಂಡ್ ತೆಗೆದು, ಆಗಲೇ ನಿಂತಿದ್ದ ಬೈಕನ್ನು ಇನ್ನೊಮ್ಮೆ ಸರಿಮಾಡಿ ನಿಲ್ಲಿಸಿದೆ.

ಅವ್ವ ಅದನ್ನೇ ಉತ್ತರ ಅಂದುಕೊಂಡಳು. ಕಟ್ಟೆಯಿಂದ ಇಳಿದು, ಒಳಗೆ ಬಾರದೆ, ಓಣಿಯ ತುದಿಯ ಕಡೆಗೆ ನಡೆದಳು. ನಾನು ಕೂಗಿ ಕರೆದೆ. ಕೇಳಿಸಿತ್ತು, ಹೆಗಲು ಒಮ್ಮೆ ನಡುಗಿದ್ದು ಕಂಡಿತು. ತಿರುಗಲಿಲ್ಲ.