ಕಚ್ಚದ, ಬೊಗಳದ, ಓಡಿಹೋಗದ ಪ್ರಾಣಿ

ಎದುರು ಮನೆಗೆ ಹೊಸದಾಗಿ ಬಂದವರು ನಿನ್ನೆಯಿಂದ ಸೀನುತ್ತಿದ್ದಾರೆ. ಗಂಡನದು ಮುಗಿದರೆ ಹೆಂಡತಿಯದು, ಹೆಂಡತಿಯದು ಮುಗಿದರೆ ಮಕ್ಕಳದು. ಮೈಸೂರು ಕಡೆಯ ಬ್ಯಾಂಕಿನವರು. ಪಾಪ, ಮೆಣಸಿನಕಾಯಿ ಸುಗ್ಗಿ ನೋಡಿಕೊಂಡೇ ಯಾರೋ ಇವರನ್ನು ಬ್ಯಾಡಗಿಗೆ ವರ್ಗ ಮಾಡಿದ್ದಾರೆ. ಸಂಜೆ ಮಾತನಾಡಿಸಲು ಹೋದರೆ ಆ ಮನುಷ್ಯ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೇಳಿದರು:

“ಇಲ್ಲಿ ಯಾವಾಗ್ಲೂ ಈ ಘಾಟು ಇರುತ್ತಾ ಸರ್?”

“ಯಾವ ಘಾಟ್ರಿ?” ಎಂದೆ.

ಬೇಕೆಂದೇ ಕೇಳಿದ್ದಲ್ಲ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರ ಮೂಗೇ ಹಾಗೆ. ಮಾರುಕಟ್ಟೆಯ ತುಂಬ ಕೆಂಪು ರಾಶಿ ಬಿದ್ದಿದ್ದರೂ ನಮಗದು ಬರೀ ಗಾಳಿ. ಪರ ಊರಿನವರು ಬಸ್ಸಿಳಿದು ಕೆಮ್ಮತೊಡಗಿದರೆ, ಇವರಿಗೆ ಏನೋ ಆರಾಮಿಲ್ಲ ಎಂದು ಮರುಗುತ್ತೇವೆ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಸಮಾಧಾನವನ್ನೂ ಹೇಳುತ್ತೇವೆ. ಕಣ್ಣಲ್ಲಿ ನೀರು ಸುರಿಸುತ್ತ ನಿಂತವರಿಗೆ ಅದರಿಂದ ಏನು ಉಪಯೋಗವಾಗುತ್ತದೋ ಗೊತ್ತಿಲ್ಲ.

ನಾನು ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. “ಮಕ್ಕಳು ಏನಾದ್ರೂ ಪ್ರಾಣಿ ಸಾಕೋಣ ಅಂತ ಹಠ ಹಿಡಿದಿದಾರೆ ಸರ್. ಮಕ್ಕಳಿರೋ ಮನೆಗೆ ಯಾವುದು ಸೇಫ್ ಅಂತೀರಿ?”

ಘಾಟು, ಮಕ್ಕಳು, ಪ್ರಾಣಿ. ಈ ಮೂರೂ ಒಂದೇ ಬಾಯಿಂದ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಮನೆಗೆ ಬಂದೆ. ಅವರಿಗೆ ಸೀನುವುದರ ನಡುವೆ ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ. ನಿಮಗಿದೆ ಎಂದುಕೊಂಡು ನಿಮಗೇ ಹೇಳುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮಗಳು ನಂದಿನಿ ಆಗ ಮೂರನೇ ಇಯತ್ತೆ, ಮಗ ಮಲ್ಲು ಇನ್ನೂ ಅಂಗನವಾಡಿ. ಮಗಳು ಪ್ರಾಣಿಗಳಿಗೆ ಅಂಜುತ್ತಿದ್ದಳು. ಪ್ರಾಣಿಗಳು ಮಗನಿಗೆ ಅಂಜುತ್ತಿದ್ದವು. ಅವನು ಓಣಿಗೆ ಕಾಲಿಟ್ಟರೆ ಕೋಳಿಗಳು ತಾವಾಗಿ ಬುಟ್ಟಿಯೊಳಗೆ ಹೋಗುತ್ತಿದ್ದವು. ಅವನ ಬಗ್ಗೆ ದೂರು ಬರುತ್ತಿತ್ತೇ ಹೊರತು ಚಿಂತೆ ಇರಲಿಲ್ಲ. ಚಿಂತೆಯೆಲ್ಲ ನಂದಿನಿಯದೇ.

ಒಂದು ದಿನ ಓಣಿಯ ನಾಯಿಯೊಂದು ಅವಳನ್ನು ಅಟ್ಟಿಸಿಕೊಂಡು ಬಂದಿತ್ತು. ಕಚ್ಚಲಿಲ್ಲ, ಮನೆ ಬಾಗಿಲವರೆಗೆ ಬಂದು ಹೊರಳಿ ಹೋಯಿತು. ಆದರೆ ಅವತ್ತಿನಿಂದ ಹುಡುಗಿ ಒಬ್ಬಳೇ ಹೊಸ್ತಿಲು ದಾಟುವುದನ್ನು ಬಿಟ್ಟಳು. ಮೊದಲು ನಾಯಿಗೆ ಅಂಜಿಕೆ, ಆಮೇಲೆ ಬೆಕ್ಕಿಗೆ, ಆಮೇಲೆ ಕಾಗೆಗೆ. ಸಂಜೆ ಓಣಿಯ ಹುಡುಗಿಯರು ಕುಂಟಾಟ ಆಡುತ್ತಿದ್ದರೆ ಇವಳು ಹೊಸ್ತಿಲ ಒಳಗೆ ನಿಂತು ಯಾರು ಔಟಾದರು ಎಂದು ಕೂಗಿ ಹೇಳುತ್ತಿದ್ದಳು. ಸ್ವಲ್ಪ ದಿನ ಅವರು ಇವಳನ್ನು ಕರೆದರು. ಆಮೇಲೆ ಕರೆಯುವುದನ್ನೂ ಬಿಟ್ಟರು. ಅದನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ.

ಸಾಲೆಗೆ ನಾನೇ ಸ್ಕೂಟರಿನಲ್ಲಿ ಬಿಡುತ್ತಿದ್ದೆ. ನಾಯಿ ಕಂಡ ಕೂಡಲೇ ಎರಡೂ ಕಾಲು ಮೇಲಕ್ಕೆತ್ತಿಕೊಂಡು ಸ್ಕೂಟರು ಓಡಿಸುವ ಕಲೆ ನನಗೆ ಸಿದ್ಧಿಸಿತ್ತು. ಹಿಂದೆ ಕುಳಿತ ಮಗಳು ಅದರಿಂದ ಧೈರ್ಯವನ್ನಂತೂ ಕಲಿಯಲಿಲ್ಲ.

“ಮನ್ಯಾಗ ಏನರ ಸಾಕ್ರಿ ಸರ್ರ,” ಎಂದು ಅವಳ ಟೀಚರು ಹೇಳಿದರು. “ತಾನ ಜ್ವಾಕೀಲೆ ನೋಡ್ಕೊಂಡ್ರ ಅಂಜಿಕಿ ತಾನ ಹೋಗತೈತಿ.”

ಸರಿ, ಪ್ರಾಣಿ ಹುಡುಕುವ ಕೆಲಸ ಶುರುವಾಯಿತು. ಹಾವೇರಿಯ ನನ್ನ ಗೆಳೆಯನೊಬ್ಬ ತನ್ನ ಮನೆಯ ಸಣ್ಣ ಬಿಳಿ ನಾಯಿ ತೋರಿಸುತ್ತೇನೆ ಬಾ ಎಂದ. ನಾನೊಬ್ಬನೇ ಹೋದೆ. “ಏನೂ ಮಾಡಂಗಿಲ್ಲೋ, ಬಾಳ ಸಾಧು,” ಎಂದು ಅವನು ಹೇಳುತ್ತಿರುವಾಗ ಆ ಸಾಧು ನನ್ನ ಪ್ಯಾಂಟಿನ ತುದಿ ಹಿಡಿದುಕೊಂಡಿತ್ತು. ಚಹಾ ಕುಡಿದು ಮುಗಿಸಿದರೂ ಬಿಡಲಿಲ್ಲ. ಮುಂದೆ ರಾಣೆಬೆನ್ನೂರಿನಿಂದ ಬಣ್ಣದ ಮೀನು ತಂದೆವು. ಮೀನು ಯಾರಿಗೂ ಏನೂ ಮಾಡಲಿಲ್ಲ, ಮಲ್ಲು ಮೀನಿಗೆ ಮಾಡಿದ. ನಾವು ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆವು; ಮಿರ್ಚಿ ಭಜಿಯಿಲ್ಲದೆ ಬರೀ ಮಂಡಕ್ಕಿ ಯಾರು ತಿನ್ನುತ್ತಾರೆ ಎಂದು ಅವನು ಗಾಜಿನ ತೊಟ್ಟಿಗೆ ಭಜಿಯನ್ನೇ ಮುರಿದು ಹಾಕಿದ್ದ. ಮೊಲ ಬಂತು. ಅದು ಬಂದ ದಿನದಿಂದ ನಂದಿನಿ ಮಂಚದ ಮೇಲೆ, ಮೊಲ ಮಂಚದ ಕೆಳಗೆ, ಮಲ್ಲು ಮೊಲದ ಹಿಂದೆ. ಕೊಟ್ಟವರೇ ಬಂದು, ಮೊಲ ಬಡವಾಗಿದೆ ಎಂದು ಮರಳಿ ಒಯ್ದರು.

“ಇನ್ನ ಕಲ್ಲಿನ ಬಸವಣ್ಣನ್ನ ತಂದ ಸಾಕ್ರಿ,” ಎಂದಳು ನನ್ನ ಹೆಂಡತಿ ಸುಮಾ.

ಆಗ ಮೋಟೆಬೆನ್ನೂರಿಗೆ ಹೋಗುವ ಸಂದರ್ಭ ಬಂತು. ಅಲ್ಲಿ ಸುಮಾಳ ಸೋದರಮಾವ ರೇಷ್ಮೆ ಬೆಳೆಯುತ್ತಾರೆ. ಹೊಲದಲ್ಲಿ ಹಿಪ್ಪುನೇರಳೆ, ಪಕ್ಕದಲ್ಲಿ ಉದ್ದನೆಯ ಹುಳದ ಮನೆ. ಮಾವನವರು ದೊಡ್ಡ ದನಿಯ ಮನುಷ್ಯ. ಯಾವ ವಿಷಯಕ್ಕೂ ರೇಷ್ಮೆ ಹುಳವೇ ಉತ್ತರ ಎಂದು ನಂಬಿದವರು. ನಮ್ಮ ಕಷ್ಟ ಕೇಳಿದ್ದೇ ತಡ, ತೊಡೆ ತಟ್ಟಿದರು.

“ಅಳ್ಯಾರ, ಹುಳಾ ಸಾಕ್ರಿ! ಕಚ್ಚಂಗಿಲ್ಲ, ಬೊಗಳಂಗಿಲ್ಲ, ಒದಿಯಂಗಿಲ್ಲ. ಬಾಗಲಾ ತಗದಿಟ್ರೂ ಓಡಿ ಹೋಗಂಗಿಲ್ಲ. ಇಂಥಾ ಪ್ರಾಣಿ ಇನ್ನೆಲ್ಲಿ ಸಿಗತೈತಿ?”

ನಾವೆಲ್ಲ ನಕ್ಕೆವು. ನಂದಿನಿ ನಗಲಿಲ್ಲ. ಸುಮಾಳ ಸೆರಗು ಬಿಟ್ಟು, ಹುಳದ ತಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಳು. ಬೆಳ್ಳಗಿನ ಹುಳಗಳು ಎಲೆಯ ಅಂಚು ಹಿಡಿದು ತಿನ್ನುತ್ತಿದ್ದವು. ಮಂಡಕ್ಕಿ ಚೀಲದಲ್ಲಿ ಯಾರೋ ಕೈಯಾಡಿಸಿದಂಥ ಸಪ್ಪಳ.

“ಅಪ್ಪಾ, ಇವು ನನ್ನ ನೋಡಾಕತ್ತಿಲ್ಲ,” ಎಂದಳು.

ಹೌದಲ್ಲ. ಅವಳನ್ನು ದುರುಗುಟ್ಟಿ ನೋಡದ, ಅವಳ ಕಡೆ ತಿರುಗಿಯೂ ನೋಡದ ಜೀವವನ್ನು ಅವಳು ಮೊದಲ ಸಲ ಕಂಡಿದ್ದಳು. ಮೆಲ್ಲಗೆ ಒಂದು ಬೆರಳು ಚಾಚಿದಳು. ಹುಳ ಬೆರಳನ್ನು ಸುತ್ತಿ ಹಾಯ್ದು ಮತ್ತೆ ಎಲೆಗೆ ಹೋಯಿತು.

ಮಾವನವರು ಒಂದು ಹಿಡಿ ಹುಳ ಮಿಠಾಯಿ ಡಬ್ಬಿಗೆ ಹಾಕಿ ಕೊಡುವಾಗ ಮಾತ್ರ ಗಂಭೀರರಾದರು. “ಒಂದ ನೆಪ್ಪಿಡ್ರಿ. ಇವಕ್ಕ ಘಾಟು ಆಗಂಗಿಲ್ಲ. ಖಾರಾ, ಹೊಗಿ, ಉದಿನಕಡ್ಡಿ, ಸೊಳ್ಳಿ ಬತ್ತಿ, ಯಾವದೂ ನಡಿಯಂಗಿಲ್ಲ. ನಿಮ್ಮನ್ಯಾಗ ಘಾಟು ಐತೇನು?”

“ಛೆ ಛೆ, ನಮ್ಮನ್ಯಾಗೆಲ್ಲಿ ಘಾಟ್ರೀ ಮಾವಾರ!” ಎಂದೆ, ದೇವರಾಣೆಗೂ ಖರೇ ಎಂದುಕೊಂಡು. ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವನು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮನೆ ಇರುವವನು, ವರ್ಷಕ್ಕಾಗುವಷ್ಟು ಖಾರಪುಡಿ ಮನೆಯಲ್ಲೇ ಕುಟ್ಟಿಸುವ ತಾಯಿ ಇರುವವನು ನಾನು. ಮಾವನವರು ಹಗೂರಕ್ಕೆ ನನ್ನ ಅಂಗಿಯ ಹತ್ತಿರ ಮೂಗು ತಂದರು. ಆಮೇಲೆ ಎಷ್ಟು ಸೀನಿದರೆಂದರೆ ಅತ್ತೆಯವರು ನೀರು ತರಬೇಕಾಯಿತು.

ಮನೆಯಲ್ಲಿ ನಮ್ಮವ್ವ ಡಬ್ಬಿ ಮುಚ್ಚಳ ತೆಗೆದಳು. ಮಿಠಾಯಿ ಎಂದುಕೊಂಡಿದ್ದಳು.

“ಹುಳಾ? ಮನ್ಯಾಗ ಅಕ್ಕಿಯೊಳಗಿನ ಹುಳಾ ಆರಿಸಿ ಆರಿಸಿ ನನ್ನ ಕಣ್ಣ ಹೋಗ್ಯಾವು, ನೀ ಡಬ್ಬಿ ತುಂಬ ತಂದೀಯಲ್ಲೋ!”

ನಂದಿನಿ ಒಂದು ಹುಳವನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಅಜ್ಜಿಗೆ ತೋರಿಸಿದಳು. ಕಾಗೆ ಕಂಡರೆ ಕಿರುಚುವ ಮೊಮ್ಮಗಳು. ಅವ್ವ ಅವಳ ಮುಖ ನೋಡಿದಳು, ಹುಳ ನೋಡಿದಳು. “ಏನ ತಿಂತೈತಿ ಇದು?” ಎಂದಳು. ಅಲ್ಲಿಗೆ ನಮ್ಮ ಮನೆಯ ಆಡಳಿತ ಬದಲಾಯಿತು.

ಮಕ್ಕಳಿಗೆ ತೊಂದರೆ ಕೊಡದ ಪ್ರಾಣಿ ಬೇಕೆಂದು ಹೊರಟವರು ನಾವು. ಪ್ರಾಣಿಗೆ ತೊಂದರೆ ಕೊಡದ ಮನೆ ಯಾವುದು ಎಂದು ಯಾರೂ ವಿಚಾರ ಮಾಡಿರಲಿಲ್ಲ. ಒಗ್ಗರಣೆ ಹಿತ್ತಲಿಗೆ ಹೋಯಿತು. ಸುಮಾ ಒಲೆ ಹೊತ್ತುಕೊಂಡು ಹೋಗಿ ಬಚ್ಚಲ ಪಕ್ಕ ಸಾಸಿವೆ ಸಿಡಿಸತೊಡಗಿದಳು. ದೇವರಿಗೆ ಉದಿನಕಡ್ಡಿ ನಿಂತಿತು. “ಹೂವು ಸಾಕು ಬಿಡೋ, ದೇವರಿಗೂ ತಿಳಿತೈತಿ,” ಎಂದು ಅವ್ವ ದೇವರ ಪರವಾಗಿ ತಾನೇ ಒಪ್ಪಿದಳು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಹುಳಗಳು ಸುಖವಾಗಿ ಎಲೆ ತಿಂದವು, ಸೊಳ್ಳೆಗಳು ಸುಖವಾಗಿ ನಮ್ಮನ್ನು ತಿಂದವು. ನಾನಂತೂ ಕೆಲಸದಿಂದ ಬಂದರೆ ಹಿತ್ತಲ ಬಾಗಿಲಿಂದ ಬಂದು, ಬಟ್ಟೆ ಅಲ್ಲೇ ಕಳಚಿ, ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕು. ದಿನಾ ಇದನ್ನು ಕಂಡ ಪಕ್ಕದ ಮನೆಯ ಅಜ್ಜ, “ಯಾರ ಹೋದ್ರೋ ತಮ್ಮಾ?” ಎಂದು ಮೆಲ್ಲಗೆ ವಿಚಾರಿಸಿದ. ಹುಳದ ಸಲುವಾಗಿ ಸ್ನಾನ ಎಂದು ಹೇಳುವ ಬದಲು ದೂರದ ಸಂಬಂಧಿಕರು ಎಂದುಬಿಟ್ಟೆ.

ದಿನಾ ಎಲೆ ತರುವುದೂ ನನ್ನ ಪಾಲಿಗೇ ಬಂತು. ಮೋಟೆಬೆನ್ನೂರಿಗೆ ಸ್ಕೂಟರು, ಹಸಿ ಬಟ್ಟೆಯಲ್ಲಿ ಸುತ್ತಿದ ಸೊಪ್ಪು, ಮತ್ತೆ ಬ್ಯಾಡಗಿ. ಸಾಧು ನಾಯಿಗಾದರೆ ಒಂದು ರೊಟ್ಟಿ ಒಗೆದಿದ್ದರೆ ಸಾಕಾಗುತ್ತಿತ್ತು ಎಂದು ಹೈವೇ ಮೇಲೆ ಎಷ್ಟೋ ಸಲ ಅನಿಸಿದ್ದಿದೆ. ಹುಳ ಚರ್ಮ ಬಿಡುವ ಹೊತ್ತಿಗೆ ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂಡುತ್ತದೆ. ರೈತರು ಅದಕ್ಕೆ ಜ್ವರ ಎನ್ನುತ್ತಾರೆ. ಅವ್ವ ಅದನ್ನು ಜ್ವರ ಎಂದೇ ನಡೆಸಿಕೊಂಡಳು. ಯಾರೂ ಜೋರಾಗಿ ಮಾತನಾಡುವಂತಿಲ್ಲ, ಟಿವಿ ಇಲ್ಲ. ಮಲ್ಲುವನ್ನು ಅವನ ಅತ್ತೆಯ ಮನೆಗೆ ಕಳಿಸಲಾಯಿತು. ಎರಡು ಮೂರು ಹುಳ ಸತ್ತವು. ನಂದಿನಿ ಬಿಕ್ಕಿ ಬಿಕ್ಕಿ ಅತ್ತಳು. ಉಳಿದವು ಬೆರಳಷ್ಟು ದಪ್ಪವಾದವು.

ಒಂದು ದಿನ ರಜೆ ಇತ್ತು. ಮಧ್ಯಾಹ್ನ ನಾನು ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ, ನಂದಿನಿ ಪಕ್ಕದಲ್ಲಿದ್ದಳು. ತಿನ್ನುತ್ತಿದ್ದ ಹುಳಗಳು ಒಂದೊಂದಾಗಿ ಎಲೆ ಬಿಟ್ಟವು. ಜ್ವರವಲ್ಲ, ಕೊನೆಯ ಜ್ವರ ಆಗಲೇ ಮುಗಿದಿತ್ತು. ತಲೆಯನ್ನು ಅತ್ತಿತ್ತ ಆಡಿಸತೊಡಗಿದವು. ಕೆಲವು ಹಸಿರು ನೀರು ಕಾರಿದವು. ನಾನು ಗಾಳಿ ಎಳೆದು ನೋಡಿದೆ. ನನಗೆ ಏನೂ ಬರಲಿಲ್ಲ. ಬ್ಯಾಡಗಿಯ ಮೂಗು!

“ಅಪ್ಪಾ, ಹೊರಗ ಯಾರೋ ಕಾಯಿ ಸುರುವ್ಯಾರ!” ಎಂದಳು ನಂದಿನಿ, ಕಿಟಕಿಯಿಂದ ಇಣುಕಿ.

ಬಾಗಿಲಿಗೆ ಬಂದು ನೋಡಿದರೆ ನಿಜ. ನಮ್ಮ ಗೋಡೆಗೆ ಹತ್ತಿಯೇ ನಾಲ್ಕಾರು ಹೆಣ್ಣುಮಕ್ಕಳು ತಾಡಪಾಲು ಹಾಸಿ, ಅದರ ಮೇಲೆ ಚೀಲ ಸುರುವಿ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ಗಾಳಿ ನೇರ ನಮ್ಮ ಮನೆಯೊಳಗೆ. ಅವರಿಗೂ ನಮಗೂ ನಡುವೆ ಓಣಿಯ ನಾಯಿಗಳು ಸಾಲಾಗಿ ಮಲಗಿದ್ದವು. ಅಟ್ಟಿಸಿಕೊಂಡು ಬಂದಿದ್ದ ಕಂದು ನಾಯಿಯೂ ಅಲ್ಲೇ ಇತ್ತು. ನಾನು ಹೊಸ್ತಿಲಲ್ಲಿ ನಿಂತು, ಇಲ್ಲಿಂದಲೇ ಕೂಗಿದರೆ ಕೇಳಿಸೀತೇ ಎಂದು ಲೆಕ್ಕ ಹಾಕುತ್ತಿದ್ದೆ.

ನಂದಿನಿ ನನ್ನ ಪಕ್ಕದಿಂದ ನುಸುಳಿ ಹೊರಗೆ ಹೋದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಕಂದು ನಾಯಿ ಎದ್ದು ನಿಂತಿತು. ಹುಡುಗಿಯೂ ನಿಂತಳು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವಳು ಕೈಬೀಸಿ, ಅವ್ವ ಮನೆಯಲ್ಲಿ ನಮ್ಮನ್ನೆಲ್ಲ ಗದರಿಸುವ ದನಿಯಲ್ಲೇ ಗದರಿದಳು:

“ಸರಿ ಅತ್ತಾಗ! ನಮ್ಮ ಹುಳಕ್ಕ ಆರಾಮಿಲ್ಲ!”

ನಾಯಿಗೆ ಏನು ತಿಳಿಯಿತೋ, ಸರಿದು ದಾರಿ ಕೊಟ್ಟಿತು.

“ಯಕ್ಕಾ, ನಮ್ಮ ಹುಳಾ ಸಾಯಾಕತ್ತಾವು. ಘಾಟು ಬರತೈತಿ. ಆ ಕಡೆ ಕುಂದರ್ರಿ,” ಎಂದು ಅವಳು ಹೆಣ್ಣುಮಕ್ಕಳಿಗೆ ಹೇಳುವುದು ಕೇಳಿಸಿತು. ಅವರು ಬಿದ್ದು ಬಿದ್ದು ನಕ್ಕರು.

“ಬ್ಯಾಡಗ್ಯಾಗ ಘಾಟು ಬ್ಯಾಡಂದ್ರ ಎಲ್ಲಿಗೆ ಹೋಗೂಣು ನಮ್ಮವ್ವಾ?” ಎಂದಳೊಬ್ಬಳು. ಆದರೂ ಎದ್ದರು. ತಾಡಪಾಲಿನ ಒಂದು ಮೂಲೆಯನ್ನು ನಂದಿನಿಯೇ ಹಿಡಿದು ಎಳೆದಳು. ರಾಶಿ ಗಾಳಿಯ ಆ ಬದಿಗೆ ಹೋಯಿತು. ಒಳಗೆ ಬಂದು ನೋಡಿದರೆ ಅವ್ವ ಹುಳಗಳಿಗೆ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತ. “ಘಾಟು,” ಎಂದಳು. ನಮ್ಮ ಮನೆಯಲ್ಲಿ ಯಾರಿಗಾದರೂ ಘಾಟು ಹತ್ತಿದ್ದು ಅದೇ ಮೊದಲು.

ಸಂಜೆಯ ಹೊತ್ತಿಗೆ ಮಂಡಕ್ಕಿ ಚೀಲದ ಸಪ್ಪಳ ಮತ್ತೆ ಕೇಳಿತು. ಮುಂದೆ ಅವು ಗೂಡು ಕಟ್ಟಿದವು. ನೋಡಲು ಬಂದ ಮಾವನವರು ಗೂಡು ಹಿಡಿದು ಅಲುಗಾಡಿಸಿ, “ಮಾರ್ಕೆಟ್ಟಿನ್ಯಾಗ ಇವನ್ನ ಯಾರೂ ಕೇಳಂಗಿಲ್ಲ ಬಿಡ್ರಿ. ಆದ್ರ ಬ್ಯಾಡಗ್ಯಾಗ ಗೂಡು ಕಟ್ಟಿದ್ದ ದೊಡ್ಡದು,” ಎಂದರು.

“ಅಜ್ಜಾ, ನಿಮ್ಮನ್ಯಾಗಿನ ಹುಳಾನೂ ಚಿಟ್ಟಿ ಆಗಿ ಹೊರಗ ಬರತಾವಲ್ಲ?” ಎಂದು ನಂದಿನಿ ಕೇಳಿದಳು.

ಮಾವನವರ ಗೂಡುಗಳು ಚಿಟ್ಟೆ ಹೊರಬರುವ ಮೊದಲೇ ಕುದಿಯುವ ನೀರಿಗೆ ಬೀಳುತ್ತವೆ. ಎಲ್ಲಕ್ಕೂ ಉತ್ತರವಿದ್ದ ಅವರು ಒಳಗಿನ ಕಡೆ ತಿರುಗಿದರು. “ಸುಮವ್ವಾ, ಚಹಾ ಆತೇನು?” ಎಂದರು.

ನಮ್ಮವು ಚಿಟ್ಟೆಯಾದವು. ಹಾರಲಾರದ, ಏನೂ ತಿನ್ನದ, ಕೆಲವೇ ದಿನ ಬದುಕುವ ಬಿಳಿಯ ಚಿಟ್ಟೆ. ಹಾರುವುದಿಲ್ಲವೆಂದು ಮಲ್ಲು ಬೇಸರಪಟ್ಟ. ನಂದಿನಿ ಒಂದನ್ನು ಅಂಗೈ ಮೇಲೆ ಕೂರಿಸಿಕೊಂಡು ಓಣಿಗೆ ಒಯ್ದಳು. ಕುಂಟಾಟದ ಹುಡುಗಿಯರು ಸುತ್ತ ನೆರೆದರು. ಮುಟ್ಟಲು ಅವರು ಅಂಜಿದರು. “ಏನೂ ಮಾಡಂಗಿಲ್ಲ,” ಎಂದಳು ನನ್ನ ಮಗಳು.

ಎದುರು ಮನೆಯವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮೊದಲು ಅವರ ಸೀನು ನಿಲ್ಲಲಿ. ನಂದಿನಿ ಈಗ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಹೋಗಿ ಬರುತ್ತಾಳೆ. ಬಸ್ ಸ್ಟ್ಯಾಂಡಿನವರೆಗೆ ನಡಿಗೆ. ಸ್ಕೂಟರಿನಲ್ಲಿ ಬಿಡುತ್ತೇನೆಂದರೆ ಬೇಡ ಎನ್ನುತ್ತಾಳೆ. ಅವಳು ಹೊರಟಾಗ ಪೇಪರು ಓದುವ ನೆಪದಲ್ಲಿ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಓಣಿ, ಓಣಿಯಾಚೆಯ ಲಾರಿಗಳು, ಬಸ್ಸಿನ ಗದ್ದಲ, ಎಲ್ಲ ನೆನೆದು, ಅವಳು ತಿರುವು ದಾಟುವವರೆಗೆ ಒಂದೇ ಸಾಲನ್ನು ಓದುತ್ತಿರುತ್ತೇನೆ. ಇವತ್ತು ಬೆಳಿಗ್ಗೆ ಅವಳು ತಿರುವಿನಲ್ಲಿ ನಿಂತು ಹಿಂದೆ ತಿರುಗಿದಳು. ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಅಪ್ಪಾ, ನಾ ಹೋಗ್ತೇನಿ. ನೀ ಬಾಗಲಾ ಹಾಕ್ಕೊಂಡ ಒಳಗ ನಡಿ!”

ಒಳಗೆ ಬಂದೆ. ಬಾಗಿಲು ಹಾಕಿಕೊಂಡೆ. ಕಿಟಕಿಯಲ್ಲಿ ನಿಲ್ಲಬೇಡ ಎಂದು ಅವಳು ಹೇಳಿರಲಿಲ್ಲ.