ಜ್ಯೂಸನ ಬೀಗತನ ತಿದ್ದಿದ ಭೀಮಶಾ

ಹೊಸಬರು ಯಾರೇ ಎದುರಾಗಲಿ, ಭೀಮಶಾ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ‘ತಂದದ್ದು ಎಲ್ಲಿಂದರಿ? ಕೊಟ್ಟದ್ದು ಎಲ್ಲಿಗಿ?’ ಅಂದರೆ, ಮನೆಯ ಸೊಸೆ ಯಾವ ಊರಿನವಳು, ಮಗಳು ಯಾವ ಊರು ಸೇರಿದ್ದಾಳೆ ಎಂದು. ಉತ್ತರ ಸಿಕ್ಕ ಕೂಡಲೇ ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಓಡಿಸಿ, ಎರಡು ನಿಮಿಷದೊಳಗೆ ಆ ಮನುಷ್ಯನನ್ನು ಯಾರಿಗಾದರೂ ಸಂಬಂಧಿಕ ಮಾಡಿಬಿಡುತ್ತಿದ್ದ. ಒಮ್ಮೆ ನಮ್ಮ ಕಾಲೇಜಿನ ತಪಾಸಣೆಗೆ ಬಂದ ಸಮಿತಿಯ ಬಿಗುಮುಖದ ಸದಸ್ಯರೊಬ್ಬರಿಗೆ ಉಪ್ಪಿಟ್ಟು ಬಡಿಸುತ್ತ ಇದನ್ನೇ ಕೇಳಿದ. ನನಗೆ ಕಾಲೇಜಿನ ಮಾನ್ಯತೆಯೇ ಹೋಯಿತೆಂದು ಬೆವರು. ಅವರು ಚಹಾ ಮುಗಿಸುವ ಹೊತ್ತಿಗೆ ಚಿಂಚೋಳಿಯ ಒಂದು ಮನೆತನದ ಮೂಲಕ ನಮ್ಮ ಗ್ರಂಥಪಾಲಕರ ಷಡ್ಡಕನ ಬೀಗರಾಗಿ, ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದರು.

ಈ ವಿದ್ಯೆ ಆತನಿಗೆ ರಕ್ತದಲ್ಲಿ ಬಂದದ್ದು. ಕಾಗಿಣಾ ನದಿಯ ದಂಡೆಯ ಅಂಬಿಗರ ಮನೆ. ಅಜ್ಜ ಹರಿಗೋಲು ಹಾಕುತ್ತಿದ್ದವರು. ‘ಈ ದಂಡಿಯಿಂದ ಆ ದಂಡಿಗಿ ಮದುಮಕ್ಕಳ್ನ ದಾಟಿಸಿದವ್ರು ನಾವು ಸರ. ಯಾರ ಮನಿ ಹೆಣ್ಮಗಳು ಯಾರ ಮನಿ ಸೇರಿದ್ಳು ಅಂತ ನಮಗ ಬಿಟ್ಟು ಯಾರಿಗಿ ಗೊತ್ತಿರ್ತದ?’ ಎನ್ನುತ್ತಿದ್ದ. ನದಿಗೆ ಸೇತುವೆ ಬಂತು, ಅಜ್ಜ ಹೋದರು, ಮೊಮ್ಮಗ ಇಂಗ್ಲಿಷ್ ಎಂ.ಎ. ಮಾಡಿ ಸೇಡಮ್ಮಿನ ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದ. ಹನ್ನೊಂದು ವರ್ಷ ಇದ್ದ ಅತಿಥಿ. ಪ್ರತಿ ವರ್ಷ ಹೊಸ ಆದೇಶ ಬಂದರಷ್ಟೇ ನೌಕರಿ. ಆದೇಶ ಕೊಡುವವರು ನೋಡುತ್ತಿದ್ದದ್ದು ಒಂದನ್ನೇ, ಆತ ಪಾಠ ಮಾಡಿದ ವಿಷಯದಲ್ಲಿ ಎಷ್ಟು ಮಂದಿ ಪಾಸಾದರು ಎಂಬುದನ್ನು.

ನಾನು ಅದೇ ವಿಭಾಗದ ಮುಖ್ಯಸ್ಥ. ನನ್ನ ಬಗ್ಗೆ ಹೇಳುವುದಾದರೆ, ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಬೀಗ ನೋಡಲು ವಾಪಸು ಹೋಗುವ ಜಾತಿ. ಹೊಸ ಪಠ್ಯಕ್ರಮದಲ್ಲಿ ‘ಗ್ರೀಕ್ ಪುರಾಣ ಪರಿಚಯ’ ಎಂಬ ಐಚ್ಛಿಕ ವಿಷಯ ಬಂದಾಗ ಅದನ್ನು ನಾನೇ ಕಲಿಸಬೇಕಿತ್ತು. ಆದರೆ ಆ ಹೆಸರುಗಳನ್ನು ಉಚ್ಚರಿಸುವಾಗ ಈಚೆಗೆ ಕೂರಿಸಿದ ಎರಡು ಹಲ್ಲು ಕಳಚಿ ಮುಂದಿನ ಬೆಂಚಿಗೆ ಹಾರಿದರೆ? ‘ಭೀಮಶಾ, ನೀವೇ ತಗೊಳ್ರಿ’ ಎಂದೆ.

‘ತಗೋತೀನ್ರಿ ಸರ. ದೇವರಾದ್ರ ಏನಾತು, ಅವ್ರಿಗೂ ಬೀಗರು ಬಿಜ್ಜರು ಇರ್ತಾರ’ ಎಂದು ಪುಸ್ತಕ ಎತ್ತಿಕೊಂಡು ಹೋದ.

ಕಾಳಗಿ, ಮುಧೋಳ, ಚಿತ್ತಾಪುರದಿಂದ ಬಸ್ಸು ಹಿಡಿದು ಬರುವ ಮಕ್ಕಳು ಆತನ ತರಗತಿ ತಪ್ಪಿಸುತ್ತಿರಲಿಲ್ಲ. ಏನು ನಡೆದಿದೆಯೋ ಎಂಬ ಚಿಂತೆಯಿಂದ ಒಂದು ದಿನ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ. ಭೀಮಶಾ ಕಥೆ ಹೇಳುತ್ತಿದ್ದ.

‘ಬೆಳಿ ಕೊಡೋ ದೇವಿ ಡಿಮೀಟರ್. ಆಕಿಗಿ ಒಬ್ಬಾಕೇ ಮಗಳು, ಪರ್ಸೆಫನಿ. ಹೂವ ಹರೀಲಿಕ್ಕ ಹೋಗ್ಯಾಳ. ನೆಲ ಬಿರೀತು, ಪಾತಾಳದ ದೊರಿ ಹೇಡಿಸ್ ಎದ್ದು ಬಂದ, ಹುಡುಗಿನ ರಥದಾಗ ಹಾಕ್ಕೊಂಡು ಹ್ವಾದ. ತಾಯಿ ಅಳ್ಕೋತ ಊರೂರು ತಿರಗಿದ್ಳು. ಹೊಲದಾಗ ಒಂದು ತೊಗರಿ ಕಾಳು ಹುಟ್ಲಿಲ್ಲ ನೋಡ್ರಿ.’

‘ಸರ, ಆ ಹೇಡಿಸ್ ಹುಡುಗಿಗಿ ಏನಾಗಬೇಕ್ರಿ?’ ಒಬ್ಬ ಹುಡುಗ ಕೇಳಿದ. ಹುಡುಗರು ಗುರುವಿನ ದಾರಿ ಹಿಡಿದಿದ್ದರು.

‘ಡಿಮೀಟರ್‌ನ ತಮ್ಮ.’

‘ಅಂದ್ರ ಅಕ್ಕನ ಮಗಳು! ನಡೀತದಲ್ರಿ. ಕೇಳಿ ಒಯ್ಯಬೇಕಿತ್ತು, ಅಷ್ಟೇ.’

ತರಗತಿ ನಕ್ಕಿತು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ವಾಡಿಕೆಯೇ. ಆಗ ಕಾಳಗಿಯ ರೇಣುಕಾ ಎಂಬ ಹುಡುಗಿ ಎದ್ದು ನಿಂತಳು.

‘ಆಕಿ ಅಪ್ಪ ಯಾರ್ರಿ ಸರ?’

‘ದೇವತೆಗಳ ರಾಜ. ಜ್ಯೂಸ್.’

‘ಜ್ಯೂಸಗ ಹೇಡಿಸ್ ಏನಾಗಬೇಕು?’

‘ಅಣ್ಣ.’

‘ಹಂಗಾದ್ರ ದೊಡ್ಡಪ್ಪ ಆದ್ನಲ್ರಿ! ದೊಡ್ಡಪ್ಪ ಅಂದ್ರ ಅಪ್ಪಾನೇ. ನಡೆಂಗಿಲ್ಲ.’

ತರಗತಿ ಎರಡು ಭಾಗವಾಯಿತು. ತಾಯಿ ಕಡೆಯಿಂದ ನಡೆಯುತ್ತದೆ ಎನ್ನುವವರು ಅತ್ತ, ತಂದೆ ಕಡೆಯಿಂದ ನಡೆಯುವುದಿಲ್ಲ ಎನ್ನುವವರು ಇತ್ತ. ಭೀಮಶಾ ಸೀಮೆಸುಣ್ಣ ಹಿಡಿದು, ಮದುವೆ ಮಾತುಕತೆಯಲ್ಲಿ ಕುಳಿತ ಹಿರಿಯನಂತೆ ಸಂತೋಷದಿಂದ ಕೇಳುತ್ತಿದ್ದ. ರೇಣುಕಾ ಮಾತ್ರ ಬೆರಳು ಎಣಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ‘ಒಬ್ಬಾಂವ ಮಾಮಾನೂ ಆಗ್ತಾನ, ದೊಡ್ಡಪ್ಪನೂ ಆಗ್ತಾನ ಅಂದ್ರ... ಆಕಿ ಅವ್ವ ಅಪ್ಪ ಅಕ್ಕ ತಮ್ಮ ಏನ್ರಿ?’

ಎರಡೂ ಕಡೆಯವರು ಭೀಮಶಾನ ಕಡೆ ತಿರುಗಿದರು.

‘ಹೌದವ್ವ’ ಎಂದ ಭೀಮಶಾ. ‘ಅವ್ರ ಪುರಾಣದಾಗ ಹಂಗದ.’

ಮೂರನೆಯ ದಿನ ಇಬ್ಬರು ತಂದೆಯರು ನನ್ನ ಕೋಣೆಗೆ ಬಂದರು. ಜಗಳ ಆಡಿದ್ದರೆ ಹಗುರಾಗುತ್ತಿತ್ತು. ಅವರು ಕುರ್ಚಿಯ ತುದಿಯಲ್ಲಿ ಕುಳಿತು ಮೆಲ್ಲಗೆ ಮಾತಾಡಿದರು. ‘ದೇವರ ಕಥಿ ಕಲಸ್ತೀರಿ ಅಂತ ಕಳಿಸೀವ್ರಿ ಸರ. ಅಕ್ಕ ತಮ್ಮ ಸಂಸಾರ ಮಾಡೋದು ಕಲಸ್ಲಿಕತ್ತೀರಂತ. ನಾಳಿಂದ ಹುಡುಗ್ಯಾರ್ನ ಕಳಸಂಗಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ.’ ಚಹಾ ಕುಡಿಯದೇ ಹೋದರು.

ಆ ಹುಡುಗಿಯರು ಒಮ್ಮೆ ಮನೆಯಲ್ಲಿ ಕುಳಿತರೆ ಮತ್ತೆ ಬಸ್ಸು ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಹೆದರಿದೆ. ಭೀಮಶಾನನ್ನು ಕರೆದು ಬಾಗಿಲು ಮುಂದೆ ಮಾಡಿ ಹೇಳಿದೆ: ‘ಆ ಡಿಮೀಟರ್‌ನ ಜ್ಯೂಸನ ಅಕ್ಕ ಅನ್ನಬ್ಯಾಡ್ರಿ. ಸೋದರತ್ತಿ ಮಗಳು ಅಂದ್ಬಿಡ್ರಿ. ಯಾರಿಗಿ ತ್ರಾಸು?’

‘ಸರ, ದೇವರ ಮನೆತನ ತಿದ್ದೋದಾ?’

‘ಸದ್ಯಕ್ಕರಿ. ಪರೀಕ್ಷಾ ಮುಂದ ಖರೆ ಹೇಳಿದ್ರಾಯ್ತು.’

ಆತ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಒಮ್ಮೆ ಓಡಿಸಿದ. ‘ಹುಡುಗ್ಯಾರು ಬರ್ತಾರಂದ್ರ ಮಾಡ್ತೀನ್ರಿ’ ಎಂದ.

ಮಾಡಿದ ಮೇಲೆ ಅರೆಬರೆ ಮಾಡುವವನಲ್ಲ. ಮರುದಿನ ‘ಮೊದ್ಲ ನಾ ಹೇಳಿದ್ದು ತಪ್ಪಿತ್ತು’ ಎಂದು ಮಕ್ಕಳಿಗೆ ಹೇಳಿದ, ಬೋರ್ಡಿನ ತುಂಬ ಹೊಸ ವಂಶವೃಕ್ಷ ಬೆಳೆಯಿತು. ಜ್ಯೂಸನ ಅಪ್ಪ ಕ್ರೋನಸ್‌ಗೆ ಒಬ್ಬ ತಂಗಿ ಹುಟ್ಟಿದಳು. ಆಕೆಯನ್ನು ಒಂದು ಒಳ್ಳೆಯ ದ್ವೀಪಕ್ಕೆ ಕೊಟ್ಟರು. ಆಕೆಯ ಮಕ್ಕಳು ಡಿಮೀಟರ್ ಮತ್ತು ಹೇಡಿಸ್. ಈಗ ಜ್ಯೂಸ್ ಮದುವೆಯಾದದ್ದು ಅತ್ತೆಯ ಮಗಳನ್ನು. ಹೇಡಿಸ್ ಒಯ್ದದ್ದು ಅಕ್ಕನ ಮಗಳನ್ನು. ದೊಡ್ಡಪ್ಪನ ತಕರಾರು ಹೋಯಿತು. ಇಡೀ ಸ್ವರ್ಗ ನಮ್ಮ ತಾಲೂಕಿನ ಯಾವ ಮರ್ಯಾದಸ್ಥ ಮನೆಗೂ ಬೀಗರಾಗಬಹುದಿತ್ತು.

ಒಂದೇ ಒಂದು ತೊಡಕು ಉಳಿದಿತ್ತು. ರಾಜ್ಯ ಕಳೆದುಕೊಳ್ಳುವ ಭಯದಿಂದ ಕ್ರೋನಸ್ ತನ್ನ ಮಕ್ಕಳನ್ನು ನುಂಗುತ್ತಾನಲ್ಲ, ಅವರಲ್ಲಿ ಡಿಮೀಟರ್, ಹೇಡಿಸ್ ಇಬ್ಬರೂ ಇದ್ದಾರೆ. ‘ತಂಗಿ ಮಕ್ಕಳ್ನ ಯಾಕ ನುಂಗಿದ್ನರಿ?’ ಎಂದಳು ರೇಣುಕಾ.

‘ಸೂಟಿಗಿ ಮಾಮಾನ ಮನಿಗಿ ಬಂದಿದ್ವು ತಂಗಿ. ಕೈಗಿ ಸಿಕ್ವು’ ಎಂದ ಭೀಮಶಾ.

ಹುಡುಗಿಯರು ಬಂದರು. ಆ ಇಬ್ಬರು ತಂದೆಯರಲ್ಲಿ ಒಬ್ಬರು ಒಂದು ಚೀಲ ಹಸಿ ಕಡಲೆಗಿಡವನ್ನೂ ಕಳಿಸಿದರು. ಖರೆ ಹೇಳುವ ದಿನ ಬಂತೇ ಎಂದು ಭೀಮಶಾ ಪ್ರತಿ ಸೋಮವಾರ ನನ್ನನ್ನು ಕೇಳುತ್ತಿದ್ದ. ‘ಇನ್ನೊಂದು ವಾರ ಹೋಗ್ಲಿರಿ’ ಎನ್ನುತ್ತಿದ್ದೆ. ವಾರಗಳು ಹೋದವು. ಪರೀಕ್ಷೆಯ ವೇಳಾಪಟ್ಟಿ ನಾವೆಣಿಸಿದ್ದಕ್ಕಿಂತ ಮೊದಲೇ ಬಂತು, ಮಕ್ಕಳು ಓದಿಕೊಳ್ಳಲು ಮನೆಗೆ ಹೋದರು. ಭೀಮಶಾ ಮೊಬೈಲಿನ ಗುಂಪಿಗೆ ಸರಿಯಾದ ವಂಶವೃಕ್ಷ ಕಳಿಸಲು ಹೊರಟ. ಆ ಮೊಬೈಲುಗಳು ತಂದೆಯರ ಕೈಯಲ್ಲಿರುತ್ತವೆ ಎಂದು ಅವನನ್ನು ತಡೆದವನೂ ನಾನೇ.

ಪ್ರಶ್ನೆಪತ್ರಿಕೆಯ ಮೊದಲ ಕಡ್ಡಾಯ ಪ್ರಶ್ನೆ: ಗ್ರೀಕ್ ದೇವತೆಗಳ ಕುಟುಂಬವನ್ನು ವಿವರಿಸಿ. ಅದರ ಕೆಳಗಿನ ದೊಡ್ಡ ಪ್ರಶ್ನೆ, ಪರ್ಸೆಫನಿಯ ಅಪಹರಣ. ನಮ್ಮ ಮಕ್ಕಳು ಹೆಚ್ಚುವರಿ ಹಾಳೆ ಕೇಳಿ ಬರೆದರು. ಎಲ್ಲರೂ ಸೋದರತ್ತೆಯನ್ನು ಬರೆದರು, ದ್ವೀಪವನ್ನು ಬರೆದರು, ಮಾಮಾನ ಮನೆಯ ಸೂಟಿ ರಜೆಯನ್ನೂ ಬರೆದರು. ದೂರದ ಊರಿನ ಮೌಲ್ಯಮಾಪಕರು ಏನೆಂದುಕೊಂಡರೋ. ಕೈಬೆರಳಲ್ಲಿ ಎಣಿಸುವಷ್ಟು ಮಂದಿ ಪಾಸಾದರು.

ಪ್ರಿನ್ಸಿಪಾಲರ ಮುಂದೆ ಭೀಮಶಾ, ‘ಪಾಠ ಮಾಡಿದ್ದು ನಾನ್ರಿ’ ಎಂದಷ್ಟೇ ಹೇಳಿ ಬಂದ. ಆ ರಾತ್ರಿ ನಿದ್ದೆಗೆಟ್ಟು, ಮರುದಿನ ಬೆಳಿಗ್ಗೆ ನಾನು ಹೋದೆ. ಬದುಕಿನಲ್ಲಿ ಒಮ್ಮೆ ಧೈರ್ಯ ಮಾಡಿದ್ದೆ. ‘ಸರ, ತಪ್ಪು ನಂದು. ಅತ್ತಿ ಮಗಳು ಅಂತ ಹೇಳಸಿದಾಂವ ನಾ.’

ಪ್ರಿನ್ಸಿಪಾಲರು ನನ್ನನ್ನು ಕರುಣೆಯಿಂದ ನೋಡಿದರು. ‘ಕುಂದ್ರಿ. ನೀರು ಕುಡೀರಿ. ಹೋದ ವರ್ಷ ನೀರಿನ ಟಾಕಿ ಒಡದಾಗೂ ತಪ್ಪು ನಂದೇ ಅಂದ್ರಿ. ಸಮಿತಿಯವ್ರ ಗಾಡಿ ಪಂಕ್ಚರ್ ಆದಾಗೂ ಬಂದು ಮಾಫಿ ಕೇಳಿದ್ರಿ. ನಿಮ್ಮ ಸ್ವಭಾವ ನಮಗ ಗೊತ್ತಿಲ್ಲೇನ್ರಿ? ಬಿಪಿ ಗುಳಿಗಿ ತಗೊಂಡೀರಿಲ್ಲೋ?’

‘ಇದು ಖರೇನೇ ನಂದ್ರಿ!’

‘ಹೌದ್ ಹೌದು’ ಎಂದು ಬೆನ್ನು ತಟ್ಟಿ ಬಾಗಿಲಿನವರೆಗೆ ಬಂದು ಕಳಿಸಿದರು. ಜೀವನವಿಡೀ ಮಾಡದ ತಪ್ಪುಗಳನ್ನು ಒಪ್ಪಿಕೊಂಡು ತಿರುಗಿದವನಿಗೆ, ಮಾಡಿದ ಒಂದು ತಪ್ಪನ್ನು ನಂಬಿಸಲಾಗಲಿಲ್ಲ. ತಪ್ಪು ನನ್ನದೆಂದು ಬರೆದುಕೊಟ್ಟೆ. ಅದನ್ನು ಯಾವುದೋ ಕಡತಕ್ಕೆ ಸೇರಿಸಿದರು. ಆ ವರ್ಷದ ಆದೇಶದಲ್ಲಿ ಭೀಮಶಾನ ಹೆಸರಿರಲಿಲ್ಲ.

ಕೊನೆಯ ಸಲ ನೋಡಿದ್ದು ವಾಡಿ ಸ್ಟೇಷನ್ನಿನಲ್ಲಿ. ಸೊಲ್ಲಾಪುರದ ಆಚೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬೀಳ್ಕೊಡಲು ನಾನು ಎರಡು ತಾಸು ಮೊದಲೇ ಹೋಗಿ ಬೇರೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ; ಆತನೇ ಮೆಟ್ಟಿಲು ಹತ್ತಿಳಿದು ಬಂದು ಹುಡುಕಿಕೊಂಡ. ನನ್ನ ಕೈ ಹಿಡಿದು ಹೇಳಿದ: ‘ಹನ್ನೊಂದು ವರ್ಷ ಪಾಠ ಮಾಡೀನ್ರಿ ಸರ. ಕಲಸಿದ್ದು ಒಬ್ಬರೂ ಮರೀದೆ, ಎಲ್ಲಾರೂ ಒಂದೇ ಉತ್ತರ ಬರದದ್ದು ಇದೊಂದೇ ಸಲ. ಅಂಥಾ ಪಾಠ ನಾ ಮತ್ತ ಮಾಡ್ತೀನೋ ಇಲ್ಲೋ.’ ನಕ್ಕ. ರೈಲು ಬಂತು. ಕಿಟಕಿಯ ಪಕ್ಕದ ಮುದುಕನೊಡನೆ ಆಗಲೇ ಮಾತು ಶುರು ಮಾಡಿದ್ದನ್ನು ನೋಡಿದೆ. ರೈಲು ಹೊರಟಾಗ ನನ್ನ ಕಡೆ ನೋಡಲು ಮರೆತ.

ಫೇಲಾದವರಿಗೆ ಮರುಪರೀಕ್ಷೆ. ಪಾಠ ಈ ಸಲ ನನ್ನ ಪಾಲಿಗೇ ಬಂತು. ಎರಡು ಹಲ್ಲು ಗಟ್ಟಿಯಾಗಿ ನಿಂತವು. ಅಕ್ಕನನ್ನು ಅಕ್ಕ ಎಂದೇ ಹೇಳಿದೆ. ಹೆದರಿದಂತೆ ಯಾವ ತಂದೆಯೂ ಬರಲಿಲ್ಲ. ಮಗಳು ಫೇಲಾದ ಮೇಲೆ ಜ್ಯೂಸ್ ಯಾರನ್ನು ಮದುವೆಯಾದರೂ ಅವರಿಗೆ ಅಡ್ಡಿಯಿರಲಿಲ್ಲ. ರೇಣುಕಾ ಮಾತ್ರ ಒಂದು ದಿನ ಹೇಳಿದಳು: ‘ನೀವು ಹೇಳಿದ್ದು ಬಾಯಿಪಾಠ ಮಾಡೀನ್ರಿ ಸರ. ಆದ್ರ ಬರೀಲಿಕ್ಕ ಕುಂತ್ರ ಭೀಮಶಾ ಸರ ಹೇಳಿದ್ದೇ ಬರ್ತದ.’

ಪರೀಕ್ಷೆಯ ದಿನ ಬೇರೆ ಯಾರೂ ಸಿಗದೆ ಮೇಲ್ವಿಚಾರಣೆಗೆ ನನ್ನನ್ನೇ ಹಾಕಿದರು. ಸಾಲುಗಳ ನಡುವೆ ನಡೆಯುತ್ತ ಆಕೆಯ ಬೆಂಚಿನ ಬಳಿ ಬಂದೆ. ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು: ‘ಡಿಮೀಟರ್ ಜ್ಯೂಸನ ಸೋದರತ್ತೆಯ ಮಗಳು.’ ಮೇಲ್ವಿಚಾರಕ ಬಾಯಿ ಬಿಡುವಂತಿಲ್ಲ. ಅಲ್ಲೇ ನಿಂತೆ. ಕೆಮ್ಮಿದೆ. ಇನ್ನೊಮ್ಮೆ, ಜೋರಾಗಿ ಕೆಮ್ಮಿದೆ.

ಆಕೆ ತಲೆ ಎತ್ತಿ ನೋಡಿದಳು. ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, ಮುಂದಿನ ಸಾಲು ಬರೆಯತೊಡಗಿದಳು.