ಪರ್ಚೇಸ್ ಬಸವಪ್ರಭುವಿನ ಸೀಳು ಸಾಕೆಟ್ಟು

ನನ್ನ ಷಡ್ಡಕ ಬಸವಪ್ರಭುವಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಎರಡನೆಯದಕ್ಕೇ ತಡವರಿಸುತ್ತೇನೆ. ಕುಡಿಯುವುದಿಲ್ಲ, ಅದು ಒಂದು. ಅವನ ಹೆಂಡತಿ ಸುಮನಾ ನನ್ನ ಹೆಂಡತಿ ಭೂಮಿಕಾಳ ತಂಗಿ. ಆ ಹೆಣ್ಣುಮಗಳ ಮುಖ ನೋಡಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈ ಸಲದ ಆಯುಧಪೂಜೆ ಆದ ಮೇಲೆ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ಅವನ ಮನೆ ತುಮಕೂರಿನ ಶಿರಾ ಗೇಟಿನ ಹತ್ತಿರ. ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಯ ಪರ್ಚೇಸ್ ವಿಭಾಗದಲ್ಲಿ. ಫ್ಯಾಕ್ಟರಿಗೆ ಒಂದು ಪೊರಕೆ ಬೇಕಾದರೂ ಮೂರು ಕಡೆ ಕೊಟೇಶನ್ ತರಿಸಿ, ಹೋಲಿಸಿ ನೋಡಿ, ಮೇಲಿನವರ ಸಹಿ ಹಾಕಿಸಿ ಕೊಳ್ಳುವುದು ಅವನ ಉದ್ಯೋಗ. ಫ್ಯಾಕ್ಟರಿಯಲ್ಲಿ ಅದು ಸರಿಯೇ. ಈ ಮಹಾನುಭಾವ ಅದನ್ನು ಮನೆಗೂ ಹೊತ್ತುಕೊಂಡು ಬಂದ. ಬದನೆಕಾಯಿ ತರಲು ಅಂತರಸನಹಳ್ಳಿ ಮಾರ್ಕೆಟ್ಟಿಗೆ ಕಳಿಸಿದರೆ ಮೂರು ಅಂಗಡಿಯಲ್ಲಿ ವಿಚಾರಿಸಿ, ನಾಲ್ಕನೆಯದರ ಮುಂದೆ ಯೋಚನೆ ಮಾಡಿ, ಬರಿಗೈಯಲ್ಲಿ ವಾಪಸ್ಸು ಬರುತ್ತಾನೆ. ಅಷ್ಟು ಹೊತ್ತಿಗೆ ಸುಮನಾ ಹುರುಳಿಕಾಳಿನ ಸಾರು ಮಾಡಿ ಮುಗಿಸಿರುತ್ತಾಳೆ. ಹೆಣ್ಣು ನೋಡಲು ಬಂದ ದಿನವೂ ಉಪ್ಪಿಟ್ಟು ತಿಂದು ಕೈ ತೊಳೆದು, "ಇನ್ನೊಂದು ಮನೆ ಬಾಕಿ ಇದೆ, ನೋಡ್ಕೊಂಡು ಹೇಳ್ತೀವಿ" ಅಂದ ಆಸಾಮಿ. ನಾನು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಕೊಳ್ಳಬೇಕೋ ಬೇಡವೋ ಗೊತ್ತಾಗುತ್ತದೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸುಮನಾ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತುಮಕೂರಿನಿಂದ ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಅದು ತಪ್ಪಿದರೆ ಆಟೋ. ವರ್ಷಗಟ್ಟಲೆ ಹೀಗೆ ಓಡಾಡಿ ಸಾಕಾಗಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ತನ್ನ ಸಂಬಳದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಳು. ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ. ಯಾವ ಸ್ಕೂಲಿನಲ್ಲಿ ಕಲಿಯಬೇಕು ಎಂಬ ತೀರ್ಮಾನ ಇನ್ನೂ ಆಗಿಲ್ಲವಂತೆ.

ಕಾರು ಬಂದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು. ಎಂಟನೇ ಕ್ಲಾಸಿನಿಂದ ತಾನೇ ಪಾಠ ಮಾಡಿದ್ದ ಮಕ್ಕಳು ಈಗ ಹತ್ತನೇ ಕ್ಲಾಸಿಗೆ ಬಂದಿದ್ದರು. ಬೆಳಗಿನ ಮೊದಲ ಪೀರಿಯಡ್ಡು ಅವರಿಗೆ ಗಣಿತ. ಆ ಮಕ್ಕಳ ಹೆಸರು ಹೇಳುವಾಗ ಅವಳ ಮುಖ ನೋಡಬೇಕು. ನಮಗೆಲ್ಲ ಅವರ ಹೆಸರು ಬಾಯಿಪಾಠವಾಗಿತ್ತು.

ಶ್ರಾವಣದಲ್ಲಿ ಒಂದು ದಿನ ಸ್ಟೀರಿಂಗಿನ ಹಿಂದೆ ಹಳದಿ ದೀಪ ಹತ್ತಿಕೊಂಡಿತು. ಕ್ಯಾತಸಂದ್ರದ ಮೆಕ್ಯಾನಿಕ್ ಬೆಟ್ಟಸ್ವಾಮಿ ಸಂಜೆ ಮನೆಗೇ ಬಂದು, ಯಾವುದೋ ಸಣ್ಣ ಯಂತ್ರ ಚುಚ್ಚಿ ನೋಡಿದ. ಸುಮನಾ ಒಳಗೆ ಕಾಫಿ ಮಾಡುತ್ತಿದ್ದಳು. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಬೆಟ್ಟಸ್ವಾಮಿ ಹೊರಟುಹೋಗಿದ್ದ, ಬಸವಪ್ರಭು ಕಾರಿನ ಕೀ ಜೇಬಿಗೆ ಹಾಕಿಕೊಂಡು ನಿಂತಿದ್ದ.

"ಆಕ್ಸಿಜನ್ ಸೆನ್ಸಾರ್ ಹೋಗಿದೆ ಕಣೇ. ಗಾಡಿ ಮುಟ್ಟಂಗಿಲ್ಲ" ಅಂದ.

ಅವನ ತಾಯಿ ಶಕುಂತಲಮ್ಮ ನಡುಮನೆಯಿಂದಲೇ, "ಯಾರ್ಗಪ್ಪಾ ಆಕ್ಸಿಜನ್ನು? ಯಾವ ಆಸ್ಪತ್ರೆ?" ಎಂದು ಗಾಬರಿಯಾದರಂತೆ. ಯಾರಿಗೂ ಏನೂ ಆಗಿಲ್ಲ, ಇಂಜಿನ್ನಿನ ಹೊಗೆಯಲ್ಲಿ ಗಾಳಿ ಎಷ್ಟಿದೆ ಎಂದು ನೋಡುವ ಬೆರಳುದ್ದದ ಒಂದು ಸಾಮಾನು ಅದು ಎಂದು ಸೊಸೆ ಸಮಾಧಾನ ಮಾಡಬೇಕಾಯಿತು.

"ಹಾಗಾದ್ರೆ ಬೆಟ್ಟಸ್ವಾಮಿಗೆ ಹಾಕೋಕೆ ಹೇಳಿ" ಅಂದಳು ಸುಮನಾ.

"ಅವ್ನು ಸುತ್ತಿಗೇಲಿ ಹೊಡೆಯೋನು. ಇದಕ್ಕೆ ಅಂತಾನೇ ಸ್ಪೆಷಲ್ ಟೂಲ್ ಇರುತ್ತೆ. ತರಿಸಿ ನಾನೇ ಹಾಕ್ತೀನಿ."

ಬಲ್ಬು ಬದಲಾಯಿಸಲು ಎಲೆಕ್ಟ್ರಿಷಿಯನ್ನನ್ನು ಕರೆಸುವ ಮನುಷ್ಯ ಆಡಿದ ಮಾತು ಇದು.

ಆ ಸೆನ್ಸಾರಿನ ತಲೆಯಿಂದ ಒಂದು ವೈರು ಹೊರಡುತ್ತದೆ. ಹಾಗಾಗಿ ನಟ್ಟು ಬೋಲ್ಟು ಬಿಚ್ಚುವ ಮಾಮೂಲಿ ಸಾಕೆಟ್ಟು ಅದರ ಮೇಲೆ ಕೂರುವುದಿಲ್ಲ. ವೈರು ತೂರಲು ಪಕ್ಕದಲ್ಲಿ ಸೀಳು ಬಿಟ್ಟಿರುವ ಸಾಕೆಟ್ಟು ಬೇಕು. ಇಷ್ಟೇ ವಿಷಯ. ಬಸವಪ್ರಭು ಇದರ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದ. ಉದ್ದದ ಸಾಕೆಟ್ಟೋ ಗಿಡ್ಡದ್ದೋ ಎಂಬ ಚರ್ಚೆಗೆ ಒಂದು ವಾರ ಹೋಯಿತು. ಉದ್ದದ್ದು ಬಂತು. ಸೀಳು ಅಗಲವಾಗಿದೆ, ಬಲ ಹಾಕಿದರೆ ಬಾಯಿ ಬಿಡುತ್ತದೆ ಎಂದು ಯಾರೋ ಬರೆದಿದ್ದನ್ನು ಓದಿ ವಾಪಸ್ಸು ಕಳಿಸಿದ. ಗಿಡ್ಡದ್ದು ಬಂತು. ಅದಕ್ಕೆ ಹಿಡಿ ಉದ್ದ ಸಾಲದು ಎಂದು ಉದ್ದನೆಯ ಸರಳು ತರಿಸಿದ. ತುಕ್ಕು ಬಿಡಿಸುವ ಎಣ್ಣೆ ಮೂರು ಕಂಪನಿಯದು ಬಂತು. ಮರೆ, ಅಂದರೆ ತಿರುಪಿನ ಸುತ್ತು, ಉಜ್ಜುವ ಸಾಮಾನು ಬಂತು, ಮರೆಗೆ ಸವರುವ ಮುಲಾಮು ಬಂತು. ಕಾರನ್ನು ಎತ್ತಿ ನಿಲ್ಲಿಸಲು ಕಬ್ಬಿಣದ ಕಾಲುಗಳೂ ಬಂದವು. ಸೆನ್ಸಾರ್ ಇರುವುದು ಬಾನೆಟ್ ಎತ್ತಿದರೆ ಕಣ್ಣಿಗೆ ಕಾಣುವ ಜಾಗದಲ್ಲಿ, ಕಾರನ್ನು ಎತ್ತುವುದೇ ಬೇಕಿರಲಿಲ್ಲ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತ ಗಾದೆಯಿದೆ. ಗುಬ್ಬಿಯವನಾದ ನಾನು ಅದನ್ನು ಕಣ್ಣಾರೆ ಕಂಡದ್ದು ತುಮಕೂರಿನಲ್ಲಿ.

ಹೋದಾಗಲೆಲ್ಲ ಟೀಪಾಯಿಯ ಮೇಲೆ ಈ ಸಾಮಾನುಗಳ ಪ್ರದರ್ಶನ. ಕಾಫಿ ಲೋಟ ಇಡಲು ಜಾಗವಿಲ್ಲ.

"ನೋಡಿ ಅಣ್ಣ, ಇದು ಕ್ರೋಮ್ ವೆನೇಡಿಯಂ ಸ್ಟೀಲು" ಎಂದು ಸಾಕೆಟ್ಟನ್ನು ನನ್ನ ಕೈಗೆ ಕೊಡುತ್ತಿದ್ದ.

"ಸರಿ ಕಣ್ರೀ, ಹಾಕೋದು ಯಾವಾಗ?"

"ಅರ್ಜೆಂಟ್ ಮಾಡಿದ್ರೆ ಮರೆ ಹೋಗುತ್ತೆ ಅಣ್ಣ."

ಈ ಕಡೆ ಸುಮನಾ ಮತ್ತೆ ಬಸ್ಸಿಗೆ ಬಿದ್ದಳು. ಕುಣಿಗಲ್ಲಿನಲ್ಲಿ ಎರಡನೆಯ ಬಸ್ಸು ವಾರಕ್ಕೆರಡು ದಿನ ತಪ್ಪುತ್ತಿತ್ತು, ಮೊದಲ ಪೀರಿಯಡ್ಡು ಅರ್ಧ ಹೋಗುತ್ತಿತ್ತು. ಹೆಡ್ ಮಾಸ್ಟರ್ ಮಹಾಲಿಂಗಯ್ಯನವರು ಕೆಟ್ಟವರಲ್ಲ. ಆದರೂ ಎಷ್ಟು ದಿನ ಸುಮ್ಮನಿರುತ್ತಾರೆ? ದಸರಾ ರಜಕ್ಕೆ ಮುಂಚಿನ ದಿನ ಕರೆದು ಹೇಳಿದರಂತೆ: "ಮೇಡಂ, ರಜ ಮುಗಿದ ಮೇಲೆ ಒಂದು ದಿನ ಲೇಟಾದ್ರೂ ಹತ್ತನೇ ಕ್ಲಾಸು ಬೇರೆಯವ್ರಿಗೆ ಕೊಡ್ತೀನಿ. ನೀವು ಎಂಟಕ್ಕೆ ಹೋಗಿ. ಪಬ್ಲಿಕ್ ಪರೀಕ್ಷೆ ಮಕ್ಕಳು, ಬೇಜಾರು ಮಾಡ್ಕೋಬೇಡಿ."

ಅವತ್ತು ಸಂಜೆ ಸುಮನಾ ಅಕ್ಕನಿಗೆ ಫೋನು ಮಾಡಿ ಅತ್ತಳು. ಮೂರು ವರ್ಷ ಸಾಕಿದ ಮಕ್ಕಳನ್ನು ಪರೀಕ್ಷೆಯ ಹೊತ್ತಿಗೆ ಇನ್ನೊಬ್ಬರ ಕೈಗೆ ಕೊಡುವುದು ಅಂದರೆ ಏನು ಎಂದು ಬಸವಪ್ರಭುವಿಗೆ ಅರ್ಥವಾಗಲಿಲ್ಲವೋ, ಅರ್ಥವಾಗದ ಹಾಗೆ ಇದ್ದನೋ. "ಏನಾಯ್ತು ರೀ ಗಾಡಿ?" ಎಂದು ಅವಳು ದಿನಾ ಕೇಳುವುದು, "ಬರ್ತಾ ಇದೆ, ಇನ್ನೊಂದು ಪಾರ್ಸೆಲ್ ಬರ್ಬೇಕು" ಎಂದು ಅವನು ಕುರ್ಚಿಯಲ್ಲಿ ಒರಗಿ ಹೇಳುವುದು. ರಜ ಶುರುವಾದ ಮೇಲೆ ಹೊಸ ಸೆನ್ಸಾರೂ ಸೇರಿ ಎಲ್ಲ ಪಾರ್ಸೆಲ್ಲೂ ಬಂದು ಮುಗಿದವು. ಆಗ ಹೊಸ ರಾಗ ತೆಗೆದ: "ಹೊಸ ಆಯುಧ. ಪೂಜೆ ಮಾಡ್ದೆ ಮುಟ್ಬಾರ್ದು. ಆಯುಧಪೂಜೆ ಆಗ್ಲಿ."

ಆಯುಧಪೂಜೆಗೆ ನಾವಿಬ್ಬರೂ ಹೋಗಿದ್ದೆವು. ಬಾಳೆಎಲೆಯ ಮೇಲೆ ಸಾಕೆಟ್ಟು, ಸರಳು, ಎಣ್ಣೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಮಧ್ಯದಲ್ಲಿ ಹೊಸ ಸೆನ್ಸಾರು. ಬಸವಪ್ರಭು ಪಂಚೆ ಉಟ್ಟು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಒಂದೊಂದಕ್ಕೂ ಮೂರು ಬೆರಳಿನ ಪಟ್ಟೆ ಎಳೆಯುತ್ತಾ ಬಂದ. ನಾವೂ ವಿಭೂತಿ ಹಚ್ಚುವವರೇ, ಅದಕ್ಕೆ ನನ್ನ ತಕರಾರಿಲ್ಲ. ಸೆನ್ಸಾರಿನ ಮೂತಿಗೆ ಒಂದು ಪ್ಲಾಸ್ಟಿಕ್ ಟೋಪಿ ಇತ್ತು. ಅದನ್ನು ಕೀಳಲು ಹೋದ.

ಸುಮನಾ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದವಳು, "ರೀ, ಟೋಪಿ ತೆಗೀಬೇಡಿ. ಹಾಕೋವರ್ಗೂ ಮೂತಿ ಮುಟ್ಬಾರ್ದು ಅಂತ ಡಬ್ಬಿ ಮೇಲೇ ಬರ್ದವ್ರೆ" ಅಂದಳು.

"ದೇವ್ರ ಮುಂದೆ ಇಟ್ಟು ದೇವ್ರಿಗೇ ಟೋಪಿ ಹಾಕ್ತಾರೇನೇ?" ಎಂದು ನಕ್ಕ. ತನ್ನ ಮಾತಿಗೆ ತಾನೇ ಖುಷಿಯಾಗಿ ನನ್ನ ಕಡೆಯೂ ನೋಡಿದ. ಆಮೇಲೆ ಟೋಪಿ ಕಿತ್ತು, ಆ ಮೂತಿಗೆ ಉಳಿದೆಲ್ಲದಕ್ಕಿಂತ ದಪ್ಪವಾಗಿ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಸಿಕ್ಕಿಸಿದ. ಮೂತಿಯಲ್ಲಿದ್ದ ಸಣ್ಣ ಸಣ್ಣ ತೂತುಗಳೆಲ್ಲ ಮುಚ್ಚಿಹೋದವು. ಹೊಗೆಯ ವಾಸನೆ ಹಿಡಿಯಬೇಕಾದ ಮೂಗಿಗೆ ಗಾರೆ ಮೆತ್ತಿದ ಹಾಗಾಯಿತು.

ಹಾಕುವುದಕ್ಕೆ ಮುಹೂರ್ತ ಸಿಕ್ಕಿದ್ದು ಭಾನುವಾರ, ರಜದ ಕೊನೆಯ ದಿನ. ಸೋಮವಾರ ಸ್ಕೂಲು. ಭೂಮಿಕಾಗೆ ತಂಗಿಯ ಚಿಂತೆ, ಹಾಗಾಗಿ ಮತ್ತೆ ಹೋದೆವು. ಬಸವಪ್ರಭು ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಾನೆಟ್ ಎತ್ತಿದ. ಎಣ್ಣೆ ಬಿಟ್ಟ, ಕಾದ, ಸೀಳು ಸಾಕೆಟ್ಟು ಕೂರಿಸಿ ಸರಳು ಎಳೆದ. ಹಳೆಯದು ಒಂದೇ ಏಟಿಗೆ ಕಿರ್ ಎಂದು ಬಿಟ್ಟುಕೊಂಡಿತು. ಬಿಚ್ಚಿದ, ಇಲ್ಲ ಅನ್ನುವುದಿಲ್ಲ.

ಹೊಸದನ್ನು ಕೈಗೆತ್ತಿಕೊಂಡಾಗ ವಿಭೂತಿ ಒಣಗಿ ಗಟ್ಟಿಯಾಗಿತ್ತು.

"ಅದನ್ನಾದ್ರೂ ಒರೆಸ್ರೀ" ಅಂದೆ.

"ಪ್ರಸಾದ ಯಾರಾದ್ರೂ ಒರೆಸ್ತಾರಾ ಅಣ್ಣ? ಇಂಜಿನ್ ಬಿಸಿಗೆ ತಾನೇ ಉದುರುತ್ತೆ ಬುಡಿ."

ಹಾಕಿದ. ಬ್ಯಾಟರಿಯ ವೈರು ತೆಗೆದು ಮತ್ತೆ ಸಿಕ್ಕಿಸಿದ. ಹಳದಿ ದೀಪ ಹೋಯಿತು. ಶಕುಂತಲಮ್ಮನವರು ಮಗನಿಗೆ ದೃಷ್ಟಿ ತೆಗೆದರು. ಸುಮನಾ ಸ್ಟೀರಿಂಗ್ ಹಿಡಿದಳು, ಬಿ.ಎಚ್. ರೋಡಿನ ತನಕ ಹೋಗಿ ಬರಲು ಬಸವಪ್ರಭುವಿನ ಜೊತೆ ನಾವೂ ಹತ್ತಿದೆವು. ಹೋಗುವಾಗ ಅವಳ ಮುಖದಲ್ಲಿ ನಗು ಇತ್ತು. ವಾಪಸ್ಸು ಶಿರಾ ಗೇಟಿಗೆ ಬರುವಷ್ಟರಲ್ಲಿ ದೀಪ ಮತ್ತೆ ಹತ್ತಿತು.

ಮನೆ ಮುಂದೆ ಬಸವಪ್ರಭು ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು, "ಡೂಪ್ಲಿಕೇಟ್ ಮಾಲು ಕೊಟ್ಟವ್ರೆ. ವಾಪಸ್ ಕಳಿಸ್ಬೇಕು. ಈ ಸಲ ಕರೆಕ್ಟಾಗಿ ಮೂರು ಕಡೆ ಕೊಟೇಶನ್ ತಗೋತೀನಿ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಿಭೂತಿಯ ಮಾತು ಅವನ ಬಾಯಲ್ಲಿ ಬರಲೇ ಇಲ್ಲ.

ಸುಮನಾ ಸೀಟಿನಿಂದ ಏಳಲಿಲ್ಲ. ಮೊಬೈಲ್ ತೆಗೆದು ಬೆಟ್ಟಸ್ವಾಮಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. "ಅಣ್ಣ, ದೀಪ ಹೋಗಿಲ್ಲ. ನಾಳೆ ಬೆಳಗ್ಗೆ ಕೊತ್ತಗೆರೆಗೆ ಹೋಗ್ಲೇಬೇಕು. ಹಂಗೇ ಓಡಿಸಿದ್ರೆ ಇಂಜಿನ್ ಹೋಗುತ್ತಾ?"

"ಇಂಜಿನ್ ಯಾಕೆ ಹೋಗುತ್ತೆ ಮೇಡಂ? ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ ಅಷ್ಟೇಯ. ಅವತ್ತೇ ಸಾರ್‌ಗೆ ಹೇಳಿದ್ನಲ್ಲ, ಮೇಡಂ ಓಡಿಸ್ಕೊಂಡಿರ್ಲಿ, ಟೈಮ್ ಆದಾಗ ತಗೊಂಡ್ ಬನ್ನಿ ಅಂತ. ಯಾಕೆ, ಹೇಳ್ಲಿಲ್ವಾ?"

ಸುಮನಾ ಫೋನು ಇಟ್ಟಳು. ನಾನು ಈ ಷಡ್ಡಕನನ್ನು ದಡ್ಡ ಅಂದುಕೊಂಡಿದ್ದೆ. ದಡ್ಡತನವಾಗಿದ್ದರೆ ಕ್ಷಮಿಸಬಹುದಿತ್ತು.

"ಗೊತ್ತಿತ್ತಾ ನಿಮ್ಗೆ?" ಎಂದು ಕೇಳಿದಳು. ದನಿ ಏರಿರಲಿಲ್ಲ. "ನಾನು ಎರಡು ತಿಂಗ್ಳು ಬಸ್ಸಲ್ಲಿ ನಿಂತ್ಕೊಂಡು ಹೋದೆ. ಮಕ್ಕಳ ಮುಂದೆ, ಹೆಡ್ ಮಾಸ್ಟರ್ ಮುಂದೆ ತಲೆ ತಗ್ಗಿಸ್ದೆ. ಗಾಡಿ ಓಡುತ್ತೆ ಅಂತ ಗೊತ್ತಿದ್ದೂ ಕೀ ಜೇಬಲ್ಲಿ ಇಟ್ಕೊಂಡಿದ್ರಾ?"

ಬಸವಪ್ರಭು ಗ್ಲೌಸು ಕಳಚಿದ. ಒಂದನ್ನು ಇನ್ನೊಂದರೊಳಗೆ ತುರುಕಿದ. ಕೊನೆಗೆ ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದ: "ಗಾಡಿ ಬಂದ್ಮೇಲೆ ನೀನು ನನ್ನ ಏನೂ ಕೇಳ್ತಿರ್ಲಿಲ್ಲ. ನಿನ್ನ ಪಾಡಿಗೆ ಹೋಗ್ತಿದ್ದೆ, ಬರ್ತಿದ್ದೆ. ಇದು ಕೆಟ್ಟ ಮೇಲೆ ದಿನಾ ಸಂಜೆ ಬಂದು ಏನಾಯ್ತು ರೀ ಅಂತ ಕೇಳ್ತಿದ್ದೆ. ಮಾಡ್ತೀನಿ ಅನ್ನೋಕೆ ನಂಗೂ ಒಂದು ಕೆಲ್ಸ ಇತ್ತು."

ಭೂಮಿಕಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅವಳ ಮನಸ್ಸು ಬೆಣ್ಣೆ. ನನಗೆ ಅಯ್ಯೋ ಅನ್ನಿಸಲಿಲ್ಲ. ತನ್ನನ್ನು ಕೇಳಲಿ ಎಂದು ಇನ್ನೊಬ್ಬರ ಕಾಲು ಕಟ್ಟಿ ಕೂರಿಸುವವನಿಗೆ ನನ್ನಲ್ಲಿ ಕನಿಕರವಿಲ್ಲ.

ಸುಮನಾ ಆ ಹಳದಿ ದೀಪದ ಕಡೆ ನೋಡಿದಳು. ಆಮೇಲೆ ಹಣೆಯಿಂದ ತನ್ನ ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ದೀಪದ ಮೇಲೆ ಒತ್ತಿ ಅಂಟಿಸಿದಳು. ದೊಡ್ಡ ಬೊಟ್ಟು, ದೀಪ ಪೂರಾ ಮುಚ್ಚಿಹೋಯಿತು. ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡು ಒಳಗೆ ಹೋದಳು.

ಸೋಮವಾರದ ಸುದ್ದಿಯನ್ನು ಭೂಮಿಕಾ ಫೋನಿನಲ್ಲಿ ಕೇಳಿ ನನಗೆ ಹೇಳಿದಳು. ಬೆಲ್ಲು ಹೊಡೆಯುವ ಮೊದಲೇ ಸುಮನಾ ಹತ್ತನೇ ಕ್ಲಾಸಿನ ಬೋರ್ಡಿನ ಮುಂದೆ ನಿಂತಿದ್ದಳಂತೆ. ಮಹಾಲಿಂಗಯ್ಯನವರು ಕಿಟಕಿಯಲ್ಲಿ ಇಣುಕಿ ನೋಡಿ, ಏನೂ ಹೇಳದೆ ಮುಂದೆ ಹೋದರಂತೆ. ಸಂಜೆ ಮನೆಗೆ ಬಂದು ಕಾರು ನಿಲ್ಲಿಸಿ, ಕೈಕಾಲು ತೊಳೆದು, ಟೆಸ್ಟ್ ಪೇಪರ್ ತಿದ್ದಲು ಕೂತಳು. ಬಸವಪ್ರಭು ಎದುರಿನ ಕುರ್ಚಿಯಲ್ಲಿ ಕಾಯುತ್ತಾ ಕೂತಿದ್ದ. ಅವಳು ಒಂದು ಪೇಪರು ತಿದ್ದಿದಳು, ಎರಡು ತಿದ್ದಿದಳು, ತಲೆ ಎತ್ತಲಿಲ್ಲ. ಕೊನೆಗೆ ತಡೆಯಲಾರದೆ ಅವನೇ ಕೇಳಿದ.

"ಏನಾಯ್ತೇ, ಗಾಡಿ?"

"ಓಡ್ತು" ಅಂದಳಂತೆ, ಮುಂದಿನ ಪೇಪರು ಎತ್ತಿಕೊಳ್ಳುತ್ತಾ.